ಒಳಬರುವವರನ್ನಷ್ಟೇ ಕೇಳುವ ಕಾವಲು

ಹಡಗಲಿ, ಮೈಲಾರದ ಕಡೆ ಮನೆಗೊಂದು ಕಂಪ್ಯೂಟರ್ ಕೊಂಡರೆ ಆಂಟಿವೈರಸ್ ಹಾಕಿಸಬೇಕೆಂದು ಎಲ್ಲರೂ ಹೇಳುತ್ತಾರೆ. ವಿಂಡೋಸ್‌ನೊಳಗೇ ಇರುವ ಫೈರ್‌ವಾಲ್‌ನ ಸುದ್ದಿ ಯಾರೂ ಎತ್ತುವುದಿಲ್ಲ. ಬಿಟ್ಟಿ ಬಂದದ್ದಲ್ಲವೇ!

2001ರ ವಿಂಡೋಸ್ ಎಕ್ಸ್‌ಪಿಯಲ್ಲೂ ಅದಿತ್ತು, ಆದರೆ ಆಫ್ ಆಗಿಯೇ ಬರುತ್ತಿತ್ತು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ವರ್ಮ್, ಯಾರೂ ಯಾವ ಫೈಲೂ ತೆರೆಯದಿದ್ದರೂ, ಇಂಟರ್‌ನೆಟ್‌ಗೆ ಜೋಡಿಸಿದ್ದ ಕಂಪ್ಯೂಟರ್‌ಗಳಿಗೆ ನುಗ್ಗಿತು. ಮರುವರ್ಷದ ಸರ್ವಿಸ್ ಪ್ಯಾಕ್ 2ರಿಂದ ಫೈರ್‌ವಾಲ್ ತಾನಾಗಿಯೇ ಆನ್. ಕರೆಯದೆ ಬರುವ ಸಂಪರ್ಕವನ್ನು ತಡೆಯುವ ಕೆಲಸವನ್ನು ಅದು ಇವತ್ತಿಗೂ ಅಚ್ಚುಕಟ್ಟಾಗಿ ಮಾಡುತ್ತದೆ. ಮನೆಮಂದಿ ಇದಕ್ಕೆಂದು ಬೇರೆ ದುಡ್ಡು ಸುರಿಯಬೇಕಿಲ್ಲ.

ಆದರೆ ಇದು ಅಗಸೆ ಬಾಗಿಲಲ್ಲಿ ಕೂತು ಒಳಬರುವವರನ್ನಷ್ಟೇ ವಿಚಾರಿಸುವ ಕಾವಲುಗಾರ. ಹೊರಹೋಗುವವರ ಗಂಟು ಬಿಚ್ಚಿಸುವುದಿಲ್ಲ. ಬ್ಯಾಂಕಿನವರೆಂದು ಫೋನ್ ಮಾಡಿದವನ ಮಾತು ನಂಬಿ, ದೂರದಿಂದ ಕಂಪ್ಯೂಟರ್ ನಡೆಸುವ ಆಪ್ ಹಾಕಿಕೊಂಡಿರೋ, ಆ ಸಂಪರ್ಕ ಒಳಗಿನಿಂದಲೇ ಹೊರಡುತ್ತದೆ, ಫೈರ್‌ವಾಲ್ ಸುಮ್ಮನಿರುತ್ತದೆ. ಹೊರದಾರಿಗೂ ನಿಯಮ ಬರೆಯಬಹುದು, ನಿಜ. ಆ ಪುಟದ ಗೊಂದಲ ನೋಡಿದರೆ ಎಂಜಿನಿಯರಿಂಗ್ ಓದುವ ಮಕ್ಕಳೂ ಹಿಂದೆ ಸರಿಯುತ್ತಾರೆ.

ಅನುಮತಿ ಕೇಳುವ ರೀತಿಯಂತೂ ಕೆಟ್ಟದ್ದು. ಹೊಸ ಆಟ ಶುರುವಾಗುವ ಹೊತ್ತಿಗೇ ಪ್ರಶ್ನೆ ಮೇಲೇಳುತ್ತದೆ. ಹುಡುಗ ಓದದೆ ‘ಅಲೋ’ ಒತ್ತುತ್ತಾನೆ. ಆಟ ಮರೆತುಹೋದರೂ ಆ ನಿಯಮ ಉಳಿದಿರುತ್ತದೆ. ಇದಕ್ಕೆ ಹುಡುಗನನ್ನು ಬೈಯಲಾರೆ. ಪ್ರಿಂಟರ್ ಇನ್ನೊಂದು ಕಂಪ್ಯೂಟರ್‌ಗೆ ಕಾಣಲಿಲ್ಲವೆಂದು ಇಡೀ ಫೈರ್‌ವಾಲನ್ನೇ ಆಫ್ ಮಾಡಿ ಹೋಗುವ ರಿಪೇರಿಯವರನ್ನು ಖಂಡಿತ ಬೈಯುತ್ತೇನೆ. ಮನೆಯ ವೈಫೈಯನ್ನು ‘ಪ್ರೈವೇಟ್’ ಎಂದು ಗುರುತಿಸಿ, ಪ್ರಿಂಟರ್ ಹಂಚಿಕೆ ಒಂದಕ್ಕೆ ದಾರಿ ಬಿಟ್ಟರೆ ಮುಗಿಯಿತು.

ಇಷ್ಟಾಗಿ, ನಮ್ಮ ರಾಜ್ಯಕ್ಕೆ ಬಿದ್ದ ಏಟು ಕಂಪ್ಯೂಟರ್‌ಗಿಂತ ಮುಂದಿದ್ದ ಪೆಟ್ಟಿಗೆಗೆ. 2017ರ ಜುಲೈಯಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳಿಗೆ ಮಾಲ್‌ವೇರ್ ಹೊಕ್ಕಿತು. ಕೆಟ್ಟುಹೋದವು ‘ಅಡ್ಮಿನ್’ ಎಂಬ ಮೊದಲಿನ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ಹೇಳಬೇಕಾಯಿತು. ಹಿಂದಿದ್ದ ಕಂಪ್ಯೂಟರ್‌ನ ಫೈರ್‌ವಾಲ್ ಎಷ್ಟು ಬಿಗಿಯಾಗಿದ್ದರೂ ಅಲ್ಲಿ ಪ್ರಯೋಜನವಿರಲಿಲ್ಲ. ಈಗ ಫೈಬರ್ ಎಳೆಯಲು ಬರುವವರು ವೈಫೈ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು ಹೊರಡುತ್ತಾರೆ. ಪೆಟ್ಟಿಗೆಯ ಸೆಟ್ಟಿಂಗ್‌ಗೆ ಹೋಗುವ ಪಾಸ್‌ವರ್ಡ್ ಬೇರೆಯೇ ಇರುತ್ತದೆ. ಅದನ್ನೂ ಅವರೆದುರೇ ಬದಲಿಸಿಕೊಳ್ಳಿ.