ಬೀಗ ಮತ್ತು ಬೀಗದ ಕೈ: ಶಾಸ್ತ್ರದಲ್ಲಿ ಒಂದು ಉಪಮೆಯ ವಿಮರ್ಶೆ

ಉಪಮೆಯು ಕಾವ್ಯಕ್ಕೆ ಮಾತ್ರ ಸೇರಿದ ಸೊತ್ತೆಂದು ಎಣಿಸುವುದು ವಾಡಿಕೆ. ಆದರೆ ಶಾಸ್ತ್ರಕ್ಕೂ ಅದು ಅಷ್ಟೇ ಆವಶ್ಯಕವಾದುದು. ನೈಯಾಯಿಕರು ಉಪಮಾನವನ್ನು ಒಂದು ಪ್ರಮಾಣವೆಂದೇ ಅಂಗೀಕರಿಸಿರುವರು. ಗವಯವೆಂಬ ಮೃಗವನ್ನು ಎಂದೂ ಕಾಣದವನು, ಅದು ಹಸುವನ್ನು ಹೋಲುವುದೆಂದು ಬಲ್ಲವರಿಂದ ಕೇಳಿ, ಕಾಡಿಗೆ ಹೋಗಿ, ಅಂಥದೊಂದು ಪ್ರಾಣಿಯನ್ನು ಕಂಡಾಗ ಅದೇ ಗವಯವೆಂದು ತಿಳಿದುಕೊಳ್ಳುವನು. ಹೋಲಿಕೆಯ ಕೆಲಸವು ಅಲ್ಲಿಗೆ ಮುಗಿಯಿತು. ಮುಂದೆ ಗವಯದ ಗುಣಗಳನ್ನು ಗವಯದಲ್ಲಿಯೇ ಅರಸಬೇಕಲ್ಲದೆ ಹಸುವಿನಲ್ಲಲ್ಲ. ಈ ಮೇರೆಯನ್ನು ಮರೆತರೆ ಏನಾಗುವುದೆಂಬುದಕ್ಕೆ, ಔಷಧದ ಅಣುವು ಪ್ರೋಟೀನಿನೊಡನೆ ಕೂಡಿಕೊಳ್ಳುವ ಬಗೆಯನ್ನು ಗಣಕಯಂತ್ರದಿಂದ ಎಣಿಸುವ ಇಂದಿನ ಶಾಸ್ತ್ರವು ತಕ್ಕ ನಿದರ್ಶನವಾಗಿದೆ. ಅದರ ಮೂಲದಲ್ಲಿರುವುದು ಒಂದು ಉಪಮೆ. ಆ ಉಪಮೆಯ ಗುಣದೋಷಗಳೆರಡೂ ಶಾಸ್ತ್ರದೊಳಕ್ಕೆ ಇಳಿದು ಬಂದಿವೆ.

ಉಪಮೆಯ ಕರ್ತೃವು ಜರ್ಮನಿಯ ರಸಾಯನಶಾಸ್ತ್ರಜ್ಞನಾದ ಎಮಿಲ್ ಫಿಷರ್, ಕಾಲವು ೧೮೯೪. ಮೀಥೈಲ್ ಗ್ಲೂಕೋಸೈಡೆಂಬ ಪದಾರ್ಥಕ್ಕೆ ಆಲ್ಫಾ, ಬೀಟಾ ಎಂದು ಎರಡು ರೂಪಗಳುಂಟು. ಎರಡರಲ್ಲಿಯೂ ಇರುವ ಪರಮಾಣುಗಳು ಅವೇ. ಒಂದು ಸಂಧಿಯ ದಿಕ್ಕು ಮಾತ್ರ ಬೇರೆ. ಯೀಸ್ಟಿನ ಕಿಣ್ವವು ಆಲ್ಫಾರೂಪವನ್ನು ಒಡೆಯುವುದು, ಬೀಟಾರೂಪವನ್ನು ಮುಟ್ಟದು. ಬಾದಾಮಿಯಿಂದ ತೆಗೆದ ಎಮಲ್ಸಿನ್ ಬೀಟಾರೂಪವನ್ನು ಒಡೆಯುವುದು, ಆಲ್ಫಾರೂಪವನ್ನು ಮುಟ್ಟದು. ಈ ವಿವೇಚನೆಗೆ ಕಾರಣವನ್ನು ಹೇಳಬೇಕಾಗಿ ಬಂದಾಗ, ಕಿಣ್ವವೂ ಗ್ಲೂಕೋಸೈಡೂ ಬೀಗ ಮತ್ತು ಬೀಗದ ಕೈಗಳಂತೆ ಒಂದಕ್ಕೊಂದು ಹೊಂದಬೇಕೆಂದು ಫಿಷರನು ಬರೆದನು. ತಾನು ಹೇಳುತ್ತಿರುವುದು ಒಂದು ಚಿತ್ರವೆಂದು ಅವನು ಅಲ್ಲಿಯೇ ಸೂಚಿಸಿರುವುದು ಗಮನಾರ್ಹವಾದುದು. ಕಿಣ್ವವು ಪ್ರೋಟೀನೆಂಬುದೇ ಆಗ ನಿಶ್ಚಿತವಾಗಿರಲಿಲ್ಲ; ಸಮ್ನರನು ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಟ್ಟಿಸಿದ್ದು ೧೯೨೬ರಲ್ಲಿ. ಕಾಣದ ವಸ್ತುವಿನ ಕಡೆಗೆ ಕೈತೋರಿದ ಉಪಮೆಯದು. ಉಪಮೇಯ, ಉಪಮಾನ, ವಾಚಕ, ಸಾಧಾರಣಧರ್ಮಗಳು ನಾಲ್ಕೂ ಅದರಲ್ಲಿದ್ದುವು. ಸಾಧಾರಣಧರ್ಮವಾದರೋ ಆಕಾರದ ಹೊಂದಾಣಿಕೆಯೊಂದೇ.

ಕಾಲಕ್ರಮದಲ್ಲಿ ವಾಚಕವು ಬಿದ್ದುಹೋಯಿತು. ಬೀಗದಂತಿದ್ದ ಪ್ರೋಟೀನು ಬೀಗವೇ ಆಯಿತು. ಉಪಮೆಯು ರೂಪಕವಾಗಿ, ರೂಪಕವು ನಿರೂಢಲಕ್ಷಣೆಯಾಗಿ, ಕಡೆಗೆ ವಾಚ್ಯಾರ್ಥವೆಂಬಂತೆಯೇ ಪಠ್ಯಪುಸ್ತಕಗಳಲ್ಲಿ ನಿಂತಿತು. ೧೯೮೨ರಲ್ಲಿ ಕ್ಯಾಲಿಫೋರ್ನಿಯದ ಕುಂಟ್ಸ್ ಮತ್ತು ಅವರ ಸಹೋದ್ಯೋಗಿಗಳು ಆ ವಾಚ್ಯಾರ್ಥವನ್ನೇ ಗಣಿತಕ್ಕೆ ಇಳಿಸಿದರು. ಪ್ರೋಟೀನಿನ ಮೈಮೇಲಣ ಕುಳಿಯನ್ನು ಗೋಳಗಳಿಂದ ತುಂಬಿ, ಆ ಗೋಳಗಳ ಮೇಲೆ ಅಣುವನ್ನು ಹೊಂದಿಸಿ ನೋಡುವುದು ಅವರ ಕ್ರಮ. ಪ್ರೋಟೀನೂ ಅಣುವೂ ಎರಡೂ ಬಾಗದ ಘನವಸ್ತುಗಳೆಂದು ಇಟ್ಟುಕೊಂಡದ್ದು. ಈ ಕ್ರಮಕ್ಕೆ ಡಾಕಿಂಗ್ ಎಂಬ ಹೆಸರು ರೂಢವಾಯಿತು. ಹಡಗು ಕಟ್ಟೆಗೆ ಬಂದು ನಿಲ್ಲುವ ಚಿತ್ರವದು. ಅದರಲ್ಲಿಯೂ ಕಟ್ಟೆಯು ಅಲುಗುವುದಿಲ್ಲ. ಇಷ್ಟರಿಂದ ಕುಂಟ್ಸರ ಕಾರ್ಯವು ಸಣ್ಣದೆನ್ನಲಾಗದು. ಉಪಮೆಯೊಂದನ್ನು ಪರೀಕ್ಷೆಗೆ ಒಡ್ಡಬಹುದಾದ ಪ್ರಶ್ನೆಯನ್ನಾಗಿ ಮಾಡಿದುದು ಶಾಸ್ತ್ರಕ್ಕೆ ಸಂದ ದೊಡ್ಡ ಲಾಭ. ೧೯೯೦ರಲ್ಲಿ ಗುಡ್‌ಸೆಲ್ ಮತ್ತು ಓಲ್ಸನರ ಕ್ರಮವು ಅಣುವಿಗೆ ಬಾಗುವ ಸ್ವಾತಂತ್ರ್ಯವನ್ನು ಕೊಟ್ಟಿತು. ಬೀಗದ ಕೈ ಮೆತ್ತಗಾಯಿತು. ಬೀಗವು ಮಾತ್ರ ಹಾಗೆಯೇ ಉಳಿಯಿತು.

ಭಾಮಹನು ಎಣಿಸಿರುವ ಏಳು ಉಪಮಾದೋಷಗಳಲ್ಲಿ ಹೀನತೆ ಮತ್ತು ಅಧಿಕತ್ವಗಳೆಂಬ ಎರಡು ಇಲ್ಲಿ ಪ್ರಸಕ್ತವಾಗಿವೆ. ಉಪಮೇಯದಲ್ಲಿರುವುದು ಉಪಮಾನದಲ್ಲಿಲ್ಲದಿದ್ದರೆ ಹೀನತೆ. ಉಪಮಾನದಲ್ಲಿರುವುದು ಉಪಮೇಯಕ್ಕೆ ಮೀರಿದರೆ ಅಧಿಕತ್ವ. ಪ್ರೋಟೀನು ಕ್ಷಣಕ್ಷಣವೂ ನಡುಗುತ್ತ, ತೆರೆಯುತ್ತ, ಮುಚ್ಚುತ್ತ ಇರುವ ವಸ್ತು. ಐವತ್ತೆಂಟು ಅಮೈನೋ ಆಮ್ಲಗಳ ಒಂದು ಸಣ್ಣ ಪ್ರೋಟೀನಿನ ಈ ಚಲನೆಯನ್ನು ೧೯೭೭ರಲ್ಲಿಯೇ ಮೆಕ್ಯಾಮನ್, ಗೆಲಿನ್, ಕಾರ್‌ಪ್ಲಸರು ಗಣಕಯಂತ್ರದಲ್ಲಿ ಎಣಿಸಿ ತೋರಿಸಿದ್ದರು. ಇದಲ್ಲದೆ ಪ್ರೋಟೀನು ನೀರಿನಲ್ಲಿ ಮುಳುಗಿರುತ್ತದೆ. ಅಣುವು ಕುಳಿಯನ್ನು ಸೇರಬೇಕಾದರೆ ಅಲ್ಲಿದ್ದ ನೀರು ಹೊರಡಬೇಕು, ಆ ಬಿಡುಗಡೆಯ ಲಾಭನಷ್ಟವೂ ಲೆಕ್ಕಕ್ಕೆ ಬರಬೇಕು. ಬೀಗದಲ್ಲಿ ಈ ಚಲನೆಯೂ ಇಲ್ಲ, ಈ ನೀರೂ ಇಲ್ಲ; ಇದು ಹೀನತೆ. ಇನ್ನು ಅಧಿಕತ್ವವು. ಬೀಗವು ತೆರೆಯುತ್ತದೆ ಇಲ್ಲವೆ ತೆರೆಯುವುದಿಲ್ಲ. ಅಣುವಿನ ಬಂಧಕ್ಕೆ ಅಂಥ ನಿರ್ಣಯವಿಲ್ಲ, ಬಿಗಿಯ ತಾರತಮ್ಯವುಂಟು. ಬೀಗದ ಕೈ ತೆರೆಯುವುದಕ್ಕಾಗಿ ಇರುವುದು. ಔಷಧಗಳಲ್ಲಿ ಅನೇಕವಾದರೋ ಕಿಣ್ವದ ಕುಳಿಯನ್ನು ಮುಚ್ಚಿ, ಅದರ ಕೆಲಸವನ್ನು ತಡೆಯುವುದಕ್ಕಾಗಿಯೇ ಇರುವುವು.

ಹೀನತೆಯನ್ನು ಮೊದಲು ಸ್ಪಷ್ಟವಾಗಿ ಎತ್ತಿ ತೋರಿದವರು ಡೇನಿಯಲ್ ಕೋಶ್ಲಂಡ್. ಅಣುವು ಬಂದು ಸೇರಿದಾಗ ಕಿಣ್ವವು ತನ್ನ ಆಕಾರವನ್ನು ಅದಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳುವುದೆಂದು ಅವರು ೧೯೫೮ರಲ್ಲಿ ವಾದಿಸಿದರು. ಬೀಗಕ್ಕೆ ಬದಲಾಗಿ ಕೈಗವಸಿನ ಉಪಮೆಯು ಬಂದಿತು: ಕೈಯನ್ನು ತೂರಿಸಿದ ಮೇಲೆಯೇ ಗವಸಿಗೆ ಕೈಯ ಆಕಾರ. ಈ ವಾದದ ಬೆಲೆಯು ಇಮಾಟಿನಿಬ್ ಎಂಬ ಔಷಧದಲ್ಲಿ ಚೆನ್ನಾಗಿ ಕಾಣುವುದು. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ೨೦೦೧ರಲ್ಲಿ ಅಮೆರಿಕದಲ್ಲಿ ಅನುಮತಿಯನ್ನು ಪಡೆದ ಈ ಮದ್ದು, ಏಬಲ್ ಎಂಬ ಕಿಣ್ವವನ್ನು ಅದು ಕೆಲಸಮಾಡದಿರುವ ಆಕಾರದಲ್ಲಿ ಹಿಡಿಯುತ್ತದೆ. ಅದರ ನಂಟನಾದ ಸಾರ್ಕ್ ಎಂಬ ಕಿಣ್ವವನ್ನು ಹಿಡಿಯುವುದು ಬಹು ದುರ್ಬಲವಾಗಿ. ಆದರೆ ಎರಡು ಕಿಣ್ವಗಳಲ್ಲಿಯೂ ಮದ್ದು ಕುಳಿತಿರುವ ಭಂಗಿಯು ಬಹುಮಟ್ಟಿಗೆ ಒಂದೇ ಎಂದು ೨೦೦೭ರಲ್ಲಿ ತಿಳಿದುಬಂದಿತು. ಬೀಗವನ್ನು ಮಾತ್ರ ನೋಡುವವನಿಗೆ ಇದು ಬಿಡಿಸಲಾಗದ ಒಗಟು. ಮದ್ದು ಸೇರಿದ ತರುವಾಯ ಏಬಲ್ ತನ್ನ ಆಕಾರವನ್ನು ಬದಲಿಸಿ ಅದನ್ನು ಬಿಗಿಹಿಡಿಯುವುದೇ ಮುಖ್ಯ ಭೇದವೆಂದು ೨೦೧೪ರ ಪ್ರಯೋಗಗಳು ಸೂಚಿಸಿದುವು. ಭೇದವಿದ್ದುದು ಚಿತ್ರದಲ್ಲಲ್ಲ, ನಡೆಯಲ್ಲಿ.

ಇದು ಪಂಡಿತರ ಗೋಷ್ಠಿಯಲ್ಲಿ ಮುಗಿಯುವ ವಾದವಲ್ಲ. ಗಣಕಯಂತ್ರವು ಲಕ್ಷಾಂತರ ಅಣುಗಳನ್ನು ಕುಳಿಗೆ ಹೊಂದಿಸಿ ಪ್ರತಿಯೊಂದಕ್ಕೂ ಒಂದು ಅಂಕವನ್ನು ಕೊಡುವುದು. ಸಾಧಾರಣ ಉಷ್ಣತೆಯಲ್ಲಿ ಬಂಧಶಕ್ತಿಯು ಸುಮಾರು ೧.೪ ಕಿಲೋಕ್ಯಾಲೊರಿಯಷ್ಟು ವ್ಯತ್ಯಾಸವಾದರೆ ಬಿಗಿಯು ಹತ್ತು ಪಟ್ಟು ವ್ಯತ್ಯಾಸವಾಗುತ್ತದೆ. ಎರಡು ಕಿಲೋಕ್ಯಾಲೊರಿ ತಪ್ಪಿದರೆ ಸುಮಾರು ಮೂವತ್ತು ಪಟ್ಟು. ತ್ವರಿತವಾದ ಎಣಿಕೆಯಲ್ಲಿ ಅಷ್ಟು ತಪ್ಪು ಅಪರೂಪವಲ್ಲ. ಆದುದರಿಂದ ಅಂಕವು ಪ್ರಯೋಗಶಾಲೆಗೆ ದಾರಿತೋರುವ ಸೂಚನೆಯೇ ಹೊರತು ತೀರ್ಪಲ್ಲ. ೨೦೨೦ರ ಕೋವಿಡ್ ಮಾರಿಯ ಕಾಲದಲ್ಲಿ ಈ ವಿವೇಕವು ಸಡಿಲವಾಯಿತು. ವೈರಸ್ಸಿನ ಮುಖ್ಯ ಪ್ರೋಟಿಯೇಸೆಂಬ ಕಿಣ್ವದ ಕುಳಿಗೆ ಹಳೆಯ ಮದ್ದುಗಳು ಹೊಂದುವುವೆಂಬ ಲೆಕ್ಕಗಳು ರಾಶಿರಾಶಿಯಾಗಿ ಪ್ರಕಟವಾದುವು. ಹೆಚ್.ಐ.ವಿ.ಯ ಪ್ರೋಟಿಯೇಸಿಗಾಗಿ ಮಾಡಿದ ಲೊಪಿನಾವಿರ್ ಆ ಪಟ್ಟಿಗಳಲ್ಲಿ ಸೇರಿದ್ದಿತು. ಎರಡು ಕಿಣ್ವಗಳಿಗೂ ಹೆಸರು ಒಂದೇ, ರಾಸಾಯನಿಕ ಕಾರ್ಯಕ್ರಮವು ಬೇರೆ. ಅದೇ ವರ್ಷ ಬ್ರಿಟನ್ನಿನ ರಿಕವರಿ ಪರೀಕ್ಷೆಯಲ್ಲಿ ಆಸ್ಪತ್ರೆಯ ರೋಗಿಗಳಿಗೆ ಅದರಿಂದ ಪ್ರಯೋಜನವಾಗಲಿಲ್ಲವೆಂದು ಗೊತ್ತಾಯಿತು. ಅದೇ ಮುಖ್ಯ ಪ್ರೋಟಿಯೇಸನ್ನು ನಿಜವಾಗಿ ತಡೆದು ೨೦೨೧ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ತುರ್ತು ಅನುಮತಿಯನ್ನು ಪಡೆದ ನಿರ್ಮಾಟ್ರೆಲ್ವಿರ್, ರಚನೆಯ ಜ್ಞಾನ, ರಸಾಯನಜ್ಞರ ಕೈಗೆಲಸ ಮತ್ತು ಪ್ರಯೋಗಗಳು ಮೂರೂ ಕೂಡಿ ಪಡೆದ ಫಲ.

ಈಚಿನ ಸಾಧನೆಗಳನ್ನೂ ಇದೇ ಅಳತೆಯಿಂದ ತೂಗಬೇಕು. ಪ್ರೋಟೀನುಗಳ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ೨೦೨೦ರಲ್ಲಿ ವಿದ್ವಾಂಸರನ್ನು ಬೆರಗುಗೊಳಿಸಿತು. ಅದರ ಕರ್ತೃಗಳಾದ ಹಸಾಬಿಸ್ ಮತ್ತು ಜಂಪರರು ಡೇವಿಡ್ ಬೇಕರರೊಡನೆ ೨೦೨೪ರ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಅದೇ ವರ್ಷ ಹೊರಬಂದ ಮೂರನೆಯ ಆವೃತ್ತಿಯು ಪ್ರೋಟೀನಿನೊಡನೆ ಅಣುವು ಕೂತ ಭಂಗಿಯನ್ನೂ ಊಹಿಸುವುದು. ಆದರೆ ಅದು ಕೊಡುವುದು ನಿಂತ ಚಿತ್ರವನ್ನು, ಚಲನೆಯನ್ನಲ್ಲ. ಬೀಗದ ಚಿತ್ರವು ಹಿಂದೆಂದಿಗಿಂತ ನಯವಾಗಿದೆ, ಚಿತ್ರವಾಗಿಯೇ ಉಳಿದಿದೆ.

ಉಪಮೆಯ ಮೇರೆಯನ್ನರಿತು ಬಳಸಿದ ಉದಾಹರಣೆಯೂ ಹತ್ತಿರದಲ್ಲಿಯೇ ಉಂಟು. ಜಿ. ಎನ್. ರಾಮಚಂದ್ರನ್ ಅವರು ರಾಮಕೃಷ್ಣನ್, ಶಶಿಶೇಖರನ್ ಅವರೊಡನೆ ೧೯೬೩ರಲ್ಲಿ ಮದರಾಸಿನಿಂದ ಪ್ರಕಟಿಸಿದ ನಕ್ಷೆಯು ಪರಮಾಣುಗಳನ್ನು ಗಟ್ಟಿ ಗುಂಡುಗಳೆಂದು ಭಾವಿಸಿತು. ಪರಮಾಣುಗಳು ಗುಂಡುಗಳಲ್ಲ. ಆದರೆ ಆ ಭಾವನೆಯಿಂದ ಕೇಳಿದ ಪ್ರಶ್ನೆಯು ಮಿತವಾದುದು: ಪ್ರೋಟೀನಿನ ಸರಪಣಿಯು ಯಾವ ತಿರುವುಗಳನ್ನು ತಾಳಲಾರದು? ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದ ಆ ವಿದ್ವಾಂಸರ ನಕ್ಷೆಯಿಂದಲೇ ಪ್ರೋಟೀನಿನ ಹೊಸ ರಚನೆಗಳನ್ನು ಇಂದಿಗೂ ಒರೆಹಚ್ಚಿ ನೋಡುವರು. ಅಸಂಭವವನ್ನು ತಳ್ಳಿಹಾಕುವುದಕ್ಕೆ ಸ್ಥೂಲವಾದ ಉಪಮೆಯೂ ಸಾಕಾಗಬಹುದು. ಬಂಧದ ಬಿಗಿಯನ್ನು ನಿರ್ಣಯಿಸುವುದಕ್ಕೆ ಸಾಲದು.

ಹಾಗಾದರೆ ಬೀಗದ ಉಪಮೆಯನ್ನು ಕೈಬಿಡಬೇಕೆ? ಬೇಕಿಲ್ಲ. ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರಿಗೂ ಕಲಿಸುವವರಿಗೂ ಇದಕ್ಕಿಂತ ಬೇಗ ಮನಸ್ಸಿಗೆ ಹತ್ತುವ ಪ್ರವೇಶವು ದೊರೆಯದು. ಅವರು ಮಾಡಬೇಕಾದುದು ಇಷ್ಟೆ: ಬಿದ್ದುಹೋದ ವಾಚಕವನ್ನು ಮರಳಿ ಇಡುವುದು. ಪ್ರೋಟೀನು ಬೀಗವೆನ್ನದೆ ಬೀಗದಂತೆ ಎನ್ನಬೇಕು. ಯಾವ ಅಂಶದಲ್ಲಿ ಹಾಗೆ, ಯಾವ ಅಂಶದಲ್ಲಿ ಹಾಗಲ್ಲವೆಂದು ಒಡನೆಯೇ ಹೇಳಬೇಕು. ಅಲಂಕಾರಶಾಸ್ತ್ರವನ್ನು ಬೋಧಿಸುವ ಉಪಾಧ್ಯಾಯರಿಗೂ ಇದರಲ್ಲಿ ಪಾಲುಂಟು. ಸಾಧಾರಣಧರ್ಮವೆಲ್ಲಿ ಮುಗಿಯುವುದೆಂದು ಗುರುತಿಸಲು ಕಲಿತ ವಿದ್ಯಾರ್ಥಿಯು, ಗಣಕಯಂತ್ರವು ಮದ್ದನ್ನು ಕಂಡುಹಿಡಿಯಿತೆಂಬ ಸುದ್ದಿಯನ್ನು ಓದಿದಾಗ, ಅದು ಕಂಡದ್ದು ಗವಯವನ್ನೋ ಹಸುವಿನ ಹೋಲಿಕೆಯನ್ನೋ ಎಂದು ಕೇಳದೆ ಇರಲಾರನು.