ರಟ್ಟಮತದ ಮಳೆ ಮತ್ತು ಜಾತಕದ ಫಲ

ಶ್ರೀಧರಾಚಾರ್ಯನ 'ಜಾತಕತಿಲಕ' (1049) ಕನ್ನಡದ ಮೊದಲ ಜ್ಯೋತಿಷ ಗ್ರಂಥ. ರಟ್ಟಕವಿಯ 'ರಟ್ಟಮತ' ಸುಮಾರು 1300ರದು. ಇಬ್ಬರೂ ಜೈನರು. ಎರಡು ಕೃತಿಗಳನ್ನೂ ಭವಿಷ್ಯಶಾಸ್ತ್ರವೆಂಬ ಒಂದೇ ಹೆಸರಿನಡಿ ಸೇರಿಸುವ ವಾಡಿಕೆಯುಂಟು. ಇದು ವಿಚಾರಣೀಯ. ಮೊದಲನೆಯದು ಜನ್ಮಕಾಲದ ಗ್ರಹಸ್ಥಿತಿಯಿಂದ ವ್ಯಕ್ತಿಯ ಬಾಳನ್ನು ಹೇಳುತ್ತದೆ. ಎರಡನೆಯದು ಮಳೆ, ಮಿಂಚು, ಭೂಕಂಪ, ಶಕುನಗಳನ್ನು ಕುರಿತದ್ದು. ಒಂದರ ಮಾತು ಮನೆಗೆ, ಇನ್ನೊಂದರದು ನಾಡಿಗೆ.

ಬಾರಕೂರು, ಹಟ್ಟಿಯಂಗಡಿಗಳಂತಹ ಹಳೆಯ ಜೈನ ನೆಲೆಗಳುಳ್ಳ ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಯಲ್ಲಿ ಈ ಎರಡು ಬಗೆಯ ಭವಿಷ್ಯವೂ ಬಳಕೆಯಲ್ಲಿದೆ. ಕುಟುಂಬದ ಕಷ್ಟಕ್ಕೆ ಅಷ್ಟಮಂಗಲ ಪ್ರಶ್ನೆ, ದರ್ಶನದ ಪಾತ್ರಿಯ ನುಡಿ. ಬೇಸಾಯಕ್ಕೆ ಮಳೆನಕ್ಷತ್ರಗಳ ಎಣಿಕೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ 13-14 ದಿನಗಳೇ ಆಯಾ ಮಳೆಯ ಅವಧಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ ಮಳೆ ಬಂದೀತೇ ಎಂಬುದಕ್ಕಿಂತ ಯಾವಾಗ ಬಂದೀತು ಎಂಬುದೇ ಪ್ರಶ್ನೆ. ಮೃಗಶಿರೆ ತಡವಾದರೆ ಬೆಟ್ಟುಗದ್ದೆಯ ಕೆಲಸ ನಿಲ್ಲುತ್ತದೆ. ನಟ್ಟಿಯ ಮೇಲೆ ಮಳೆ ಬಿಡದೆ ಸುರಿದರೆ ಬೈಲುಗದ್ದೆಯ ಸಸಿ ಕೊಳೆಯುತ್ತದೆ. ಸೂಚನೆ ಸುಳ್ಳಾದರೆ ಅದೇ ಮಳೆಗಾಲದಲ್ಲಿ ಊರಿಗೆಲ್ಲ ತಿಳಿಯುತ್ತದೆ. ವ್ಯಕ್ತಿಯ ಭವಿಷ್ಯಕ್ಕೆ ಇಂತಹ ಒರೆಗಲ್ಲಿಲ್ಲ. ನುಡಿದದ್ದು ನಡೆಯದಿದ್ದರೆ ತಪ್ಪು ಬಹುಮಟ್ಟಿಗೆ ಕೇಳಿದವನ ನಡತೆಯ ಮೇಲೆಯೇ ಬೀಳುತ್ತದೆ.

ಜೈನ ಪರಂಪರೆ ಭವಿಷ್ಯಕಥನದ ಅಪಾಯವನ್ನು ಅರಿಯದೆ ಇರಲಿಲ್ಲ. ಅಷ್ಟಾಂಗ ಮಹಾನಿಮಿತ್ತವನ್ನು ಬಲ್ಲ ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವಿಷಮಕಾಲವನ್ನು ಮುಂತಿಳಿಸಿದರೆಂದೂ, ಸಂಘವು ದಕ್ಷಿಣಕ್ಕೆ ಹೊರಟಿತೆಂದೂ ಶ್ರವಣಬೆಳಗೊಳದ ಸುಮಾರು 600ರ ಶಾಸನ ಹೇಳುತ್ತದೆ. ಆದರೆ ನಿಮಿತ್ತ ಹೇಳಿ ಆಹಾರ ಪಡೆಯುವುದನ್ನು 'ಮೂಲಾಚಾರ'ವು ಮುನಿಗಳ ದೋಷಗಳಲ್ಲಿ ಎಣಿಸಿದೆ. ಈ ಎರಡರಲ್ಲಿ ವಿರೋಧವಿಲ್ಲ. ಮುನ್ಸೂಚನೆಯು ಸಂಘವನ್ನು ಕಾಯ್ದರೆ ಜ್ಞಾನ. ಹೇಳುವವನ ಹೊಟ್ಟೆಪಾಡಾದರೆ ದೋಷ.

ಇಷ್ಟರಿಂದ ರಟ್ಟಮತದ ಸೂತ್ರಗಳೆಲ್ಲ ನಿಜವೆಂದು ಸಿದ್ಧವಾಗುವುದಿಲ್ಲ. ಶಕುನದ ಭಾಗಕ್ಕೆ ನಂಬಿಕೆಯ ಹೊರತು ಬೇರೆ ಆಧಾರ ಕಾಣದು. ಆದರೆ ಅದರ ಮಳೆಯ ಭಾಗವು ಪರೀಕ್ಷೆಗೆ ಒಳಪಡಬಲ್ಲದು. ಪಾಠವನ್ನು ಓಲೆಪ್ರತಿಗಳೊಡನೆ ಹೋಲಿಸುವ ಸಂಪಾದಕನು ಅರ್ಥವನ್ನು ಗದ್ದೆಯೊಡನೆಯೂ ಹೋಲಿಸಬೇಕು. ಆ ಹೋಲಿಕೆಯಲ್ಲಿ ಉಳಿದಷ್ಟೇ ಶಾಸ್ತ್ರ. ಮಿಕ್ಕದ್ದು ಆ ಕಾಲದ ನಂಬಿಕೆಯ ಚರಿತ್ರೆ.