ದೈವದ ಕೂಗು, ರಥದ ಸದ್ದು

‘ಕಾಂತಾರ: ಅಧ್ಯಾಯ 1’ ತೆರೆಗೆ ಬಂದದ್ದು 2025ರ ಅಕ್ಟೋಬರ್ 2ರಂದು, ವಿಜಯದಶಮಿಯ ದಿನ. ಅದಕ್ಕೆ ಕೆಲವೇ ದಿನ ಮೊದಲು ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನುಗ್ಗಿದ್ದಳು. ಹೊಲದ ಬೆಳೆ ನೀರಲ್ಲಿ ನಿಂತಿರುವಾಗ ಕಲಬುರಗಿಗೆ ಹೋಗಿ ಟಿಕೆಟ್ ತೆಗೆಯುವ ಮನಸ್ಸು ಯಾರಿಗೆ ಇದ್ದೀತು? ಅಂಥವರ ಮನೆಗೆ ಸಿನಿಮಾ ಬಂದದ್ದು ತಿಂಗಳ ಕೊನೆಗೆ, ಪ್ರೈಮ್ ವಿಡಿಯೊದಲ್ಲಿ, ಅಂಗೈಯಗಲದ ಪರದೆಯ ಮೇಲೆ.

ಹಾಗೆ ನೋಡಿದರೆ ನ್ಯಾಯವಾಗದು ಎನ್ನುವ ಪಂಥವೊಂದಿದೆ. ಈ ಅಂಕಣಕ್ಕೆ ಅದರೊಡನೆ ಹಳೆಯ ತಕರಾರು. ಭಯ ಹುಟ್ಟಿಸುವ ಚಿತ್ರ ಸಣ್ಣ ಪರದೆಯಲ್ಲೂ ಭಯ ಹುಟ್ಟಿಸಬೇಕು. 2022ರ ‘ಕಾಂತಾರ’ ಆ ಪರೀಕ್ಷೆ ಗೆದ್ದಿತ್ತು. ನಾಯಕ ಶಿವನ ಕನಸಿಗೆ ನುಗ್ಗುವ ಆಕೃತಿ, ಕತ್ತಲಿನಿಂದ ಎದ್ದುಬರುವ ಆ ಕೂಗು ಅರ್ಧರಾತ್ರಿ ಮೊಬೈಲಿನಲ್ಲಿ ಕೇಳಿದರೂ ಬೆನ್ನಲ್ಲಿ ಚಳುಕು ಏಳುತ್ತಿತ್ತು. ಕೊನೆಗೆ ದೈವ ಮಾತಿಲ್ಲದೆ ಊರವರ ಮತ್ತು ಅರಣ್ಯಾಧಿಕಾರಿಯ ಕೈಗಳನ್ನು ಕೂಡಿಸಿ ಕಾಡಿನೊಳಗೆ ಮಾಯವಾಗುತ್ತದೆ. ಎಲ್ಲಿಗೆ ಹೋಯಿತು? ಚಿತ್ರ ಹೇಳಲಿಲ್ಲ. ಆ ಮೌನವೇ ನೋಡಿದವರ ಜತೆ ಮನೆಗೆ ಬಂದಿತ್ತು.

ಅಧ್ಯಾಯ 1 ಆ ಪ್ರಶ್ನೆಯನ್ನೇ ಹಿಡಿದು ಕದಂಬರ ಕಾಲಕ್ಕೆ ಹಿಂದೆ ಸರಿಯುತ್ತದೆ. ರಿಷಬ್ ಶೆಟ್ಟಿ ಈಗ ಬೆರ್ಮೆ. ಕಾಂತಾರದ ಕಾಡಿಗೆ ಎದುರು ಬಂಗ್ರದ ಅರಮನೆ, ಪೇಟೆಯಲ್ಲಿ ಹುಚ್ಚೆದ್ದು ಓಡುವ ರಥ, ಹುಲಿ, ಯುದ್ಧ. ಅರವಿಂದ್ ಕಶ್ಯಪ್ ಕ್ಯಾಮೆರಾಕ್ಕೆ ಕೈಮುಗಿಯಬೇಕು. ರಥದ ಪ್ರಸಂಗದಷ್ಟು ಬಿಗಿಯಾದ ಸಾಹಸ ದೃಶ್ಯ ಕನ್ನಡದಲ್ಲಿ ಅಪರೂಪ. ಆದರೆ ದೈವ ಮತ್ತೆ ಮತ್ತೆ ಮೈದುಂಬಿದಷ್ಟೂ ಅದರ ಬರವಿನ ಬೆದರು ತಗ್ಗುತ್ತದೆ. ಮೊದಲ ಚಿತ್ರ ಗುಳಿಗ ದೈವದ ಆರ್ಭಟಕ್ಕಾಗಿ ಕೊನೆಯವರೆಗೆ ಕಾಯಿಸಿತ್ತು. ಇಲ್ಲಿ ಕಾಯುವ ಪ್ರಮೇಯವೇ ಇಲ್ಲ.

ಹಿಂದಿನ ಕಥೆ ಬಿಚ್ಚಲು ಹೋಗಿ ಭಯ ಕಳೆದುಕೊಳ್ಳುವುದು ಹೊಸ ಚಾಳಿಯಲ್ಲ. 2004ರ ‘ಆಪ್ತಮಿತ್ರ’ದಲ್ಲಿ ಹೆದರಿಸಿದ್ದು ಸೌಂದರ್ಯಾ ಅವರ ಮುಖ ಮತ್ತು ದನಿ. ಗಂಡನೊಡನೆ ಸಾಧಾರಣ ಮಾತಿನಲ್ಲಿದ್ದ ಗಂಗಾಳ ನೋಟ ಬದಲಾಗುತ್ತದೆ, ಗಂಟಲಿನಿಂದ ಇನ್ಯಾರೋ ಮಾತಾಡುತ್ತಾರೆ. ನಾಗವಲ್ಲಿ ಯಾರು, ಅವಳನ್ನು ತಂದ ರಾಜ ಎಂಥವನು ಎಂಬುದು ಬೇಕಾದಷ್ಟೇ ತಿಳಿಯುತ್ತದೆ. 2010ರ ‘ಆಪ್ತರಕ್ಷಕ’ ಮುಂದುವರಿಕೆಯೇ ಆದರೂ ಅದರ ಜೀವ ಹಿಂದಿನ ಕಥೆಯಲ್ಲಿತ್ತು. ಆ ರಾಜ ವಿಜಯ ರಾಜೇಂದ್ರ ಬಹದ್ದೂರನನ್ನು ಎಳೆದು ಮುಂದೆ ನಿಲ್ಲಿಸಿತು. ಆಗಷ್ಟೇ ತೀರಿಕೊಂಡಿದ್ದ ವಿಷ್ಣುವರ್ಧನ್ ಆ ಪಾತ್ರದಲ್ಲಿ ಭರ್ಜರಿಯಾಗಿದ್ದರು. ಜನ ಶಿಳ್ಳೆ ಹೊಡೆದರು, ಕಣ್ಣೀರಿಟ್ಟರು. ಹೆದರಲಿಲ್ಲ.

ಗಂಗಾಳ ಬದಲಾದ ದನಿಯ ಮಹಿಮೆ ಅಫಜಲಪುರದವರಿಗೆ ವಿವರಿಸಬೇಕಿಲ್ಲ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ಭೀಮೆಯನ್ನು ಸೇರುವ ಸಂಗಮ ಅದೇ ತಾಲ್ಲೂಕಿನ ಗಾಣಗಾಪುರದಲ್ಲಿದೆ. ಗಾಳಿ ಹಿಡಿದಿದೆ, ದೆವ್ವ ಬಡಿದಿದೆ ಎಂದು ನಂಬಿದವರನ್ನು ಮನೆಯವರು ಅಲ್ಲಿನ ದತ್ತಾತ್ರೇಯ ಸನ್ನಿಧಿಗೆ ಕರೆತರುತ್ತಾರೆ. ಆರತಿಯ ಹೊತ್ತಿಗೆ ಕೆಲವರು ಕಂಬ ಹಿಡಿದು ಚೀರುತ್ತಾರೆ. ಅದು ದೆವ್ವವೋ, ಮನಸ್ಸಿನ ನೋವೋ ಎಂಬ ತೀರ್ಮಾನ ವೈದ್ಯರಿಗಿರಲಿ. ಪಕ್ಕದ ಮನೆಯ ಹುಡುಗಿಯ ಬಾಯಿಂದ ಬೇರೆ ದನಿ ಹೊರಟಾಗ ತಾಯಿಯ ಮುಖದಲ್ಲಿ ಕಾಣುವ ದಿಗಿಲು ಮಾತ್ರ ನಿಜ. ಪಂಜುರ್ಲಿ, ಗುಳಿಗರೆಂಬ ಕರಾವಳಿಯ ದೈವಗಳ ಹೆಸರೇ ಹೊಸದಾಗಿದ್ದ ಭೀಮೆಯ ದಂಡೆಯವರಿಗೂ ಮೊದಲ ‘ಕಾಂತಾರ’ ನಾಟಿದ್ದು ಆ ದಿಗಿಲು ಪರಿಚಯದ್ದಾಗಿದ್ದರಿಂದ. ಅದಕ್ಕೆ ಅರಮನೆ ಬೇಡ, ರಥ ಬೇಡ. ಒಬ್ಬ ನಟ, ಒಂದು ಕೂಗು ಸಾಕು.

ಅಧ್ಯಾಯ 1ರಲ್ಲಿ ಆ ದಿಗಿಲು ಉಳಿದಿರುವುದು ರುಕ್ಮಿಣಿ ವಸಂತ್ ಅವರ ಕನಕವತಿಯಲ್ಲಿ. ಮೃದು ಮಾತಿನ ಈ ರಾಜಕುಮಾರಿಯ ಮನಸ್ಸಿನಲ್ಲಿರುವುದನ್ನು ಚಿತ್ರ ಬಹಳ ಹೊತ್ತು ಬಚ್ಚಿಡುತ್ತದೆ. ಹುಲಿಗಿಂತ ಅವಳ ನಗೆಯೇ ಹೆಚ್ಚು ಅಂಜಿಕೆ ತರುತ್ತದೆ.

ಸಾಹಸದಲ್ಲಿ ಹೊಸದು ಮೇಲು, ಭಯದಲ್ಲಿ ಹಳೆಯದೇ ಮೇಲು. ಎರಡನ್ನೂ ಇನ್ನೂ ನೋಡದವರು ಕಥೆಯ ಕಾಲಕ್ರಮ ಹಿಡಿಯದೆ ಮೊದಲು 2022ರ ಚಿತ್ರವನ್ನೇ ನೋಡಲಿ. ರಾತ್ರಿ, ದೀಪ ಆರಿಸಿ.